ಪೆಟ್ರೋಲ್ ಹಾಕಿಸಿದ ಮೇಲೆ ಗಾಡಿ ಕೈಕೊಟ್ಟರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಜೂನ್ ತಿಂಗಳ ಮೊದಲ ದೊಡ್ಡ ಮಳೆ ಸುರಿದ ಮಾರನೇ ದಿನ. ಬೆಳಿಗ್ಗೆ ಹನ್ನೊಂದರೊಳಗೆ ನನ್ನ ಗ್ಯಾರೇಜಿಗೆ ಐದು ಗಾಡಿಗಳನ್ನು ತಳ್ಳಿಕೊಂಡು ಬಂದರು. ಎರಡು ಸ್ಕೂಟರ್, ಮೂರು ಬೈಕ್. ಒಂದು ಹಳೇ ಕಾರ್ಬುರೇಟರ್ ಬೈಕ್ ಬಿಟ್ಟರೆ ಉಳಿದವೆಲ್ಲ ಹೊಸ ಹೊಗೆ ನಿಯಮದ ಬಿಎಸ್-6 ಗಾಡಿಗಳು, ಅಂದರೆ ಫ್ಯೂಯಲ್ ಇಂಜೆಕ್ಷನ್ ಇರುವವು. ಎಲ್ಲರದ್ದೂ ಒಂದೇ ಮಾತು: "ಅಣ್ಣಾ, ನಿನ್ನೆ ಸಂಜೆ ಪೆಟ್ರೋಲ್ ಹಾಕಿಸಿದೆ. ಮನೆ ತನಕ ಚೆನ್ನಾಗೇ ಬಂತು. ಇವತ್ತು ಸ್ಟಾರ್ಟೇ ಆಗ್ತಿಲ್ಲ."

ಐವರಲ್ಲಿ ನಾಲ್ವರು ಹಾಕಿಸಿದ್ದು ಒಂದೇ ಬಂಕಿನಲ್ಲಿ. ಐದನೆಯವರದು ಬೇರೆ ಬಂಕ್. ಆದರೂ ಅವರು ಉಳಿದವರ ಮಾತು ಕೇಳಿ "ನನ್ನದೂ ಪೆಟ್ರೋಲಿನದೇ ತೊಂದರೆ" ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಅವರ ಗಾಡಿಯಲ್ಲಿ ಪ್ಲಗ್ ಕ್ಯಾಪ್ ಸೀಳಿತ್ತು, ಮಳೆ ನೀರು ಒಳಗೆ ಇಳಿದಿತ್ತು. ಕ್ಯಾಪ್ ಬದಲಾಯಿಸಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಉಳಿದ ನಾಲ್ಕು ಗಾಡಿಗಳಲ್ಲಿ ದೋಷ ಪೆಟ್ರೋಲಿನದೇ.

ಈ ಎರಡನ್ನು ಬೇರೆ ಮಾಡುವುದು ಹೇಗೆ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೆಟ್ರೋಲನ್ನು ಕಣ್ಣಿಂದ ನೋಡದೆ ಬಂಕಿನ ಮೇಲೆ ತಪ್ಪು ಹೊರಿಸಬೇಡಿ. ನೋಡಿದ ಮೇಲೆ ತಪ್ಪು ಕಂಡರೆ ಸುಮ್ಮನೆ ಬಿಡಲೂ ಬೇಡಿ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆ

ಪೆಟ್ರೋಲ್ ಹಾಕಿಸಿ ಎಷ್ಟು ಹೊತ್ತಾಯಿತು? ಎಷ್ಟು ಕಿಲೋಮೀಟರ್ ಓಡಿತು? ಅದೇ ಬಂಕಿನಲ್ಲಿ ಅದೇ ದಿನ ಹಾಕಿಸಿದ ಬೇರೆಯವರ ಗಾಡಿ ಹೇಗಿದೆ?

ಪೆಟ್ರೋಲಿನ ದೋಷ ಬೇಗ ಕಾಣಿಸಿಕೊಳ್ಳುತ್ತದೆ. ಕೆಲವು ಕಿಲೋಮೀಟರ್ ಒಳಗೆ, ಇಲ್ಲವೇ ಒಂದು ರಾತ್ರಿ ನಿಂತ ಮೇಲೆ. ಹಾಕಿಸಿ ಹತ್ತು ದಿನ ಚೆನ್ನಾಗಿ ಓಡಿ, ಟ್ಯಾಂಕ್ ಅರ್ಧ ಆದ ಮೇಲೆ ಒಂದು ದಿನ ನಿಂತುಹೋದರೆ ಮೊದಲು ಬ್ಯಾಟರಿ, ಪ್ಲಗ್, ಏರ್ ಫಿಲ್ಟರ್ ನೋಡಿ. ತಿಂಗಳುಗಟ್ಟಲೆ ನಿಲ್ಲಿಸಿದ್ದ ಗಾಡಿಯಾದರೆ ತೊಂದರೆ ಬಂಕಿನದಲ್ಲ, ಟ್ಯಾಂಕಿನಲ್ಲಿ ಉಳಿದ ಹಳೇ ಪೆಟ್ರೋಲಿನದು. ಮೂರನೇ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಆದರೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ನೀರು: ಈಗಿನ ಪೆಟ್ರೋಲಿನಲ್ಲಿ ಲೆಕ್ಕವೇ ಬೇರೆ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಹಳಬ ಮೆಕ್ಯಾನಿಕ್‌ಗಳೂ ಇಲ್ಲೇ ಎಡವುತ್ತಾರೆ.

ಮೊದಲೆಲ್ಲ ಟ್ಯಾಂಕಿಗೆ ನೀರು ಸೇರಿದರೆ ನೀರು ತಳದಲ್ಲಿ, ಪೆಟ್ರೋಲ್ ಮೇಲೆ ಇರುತ್ತಿತ್ತು. ತಳದಿಂದ ಒಂದು ಲೋಟ ತೆಗೆದರೆ ಮೇಲಿನ ಪೆಟ್ರೋಲ್ ಚೆನ್ನಾಗಿಯೇ ಉರಿಯುತ್ತಿತ್ತು. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಇ20. ಅಂದರೆ ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಎಥನಾಲ್, ಕಬ್ಬು ಧಾನ್ಯಗಳಿಂದ ತೆಗೆಯುವ ಆಲ್ಕೋಹಾಲ್. ಇದನ್ನು ದೇಶದಲ್ಲಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಎಥನಾಲಿಗೆ ನೀರೆಂದರೆ ಬಹಳ ಪ್ರೀತಿ. ಸ್ವಲ್ಪ ನೀರು ಸೇರಿದರೆ ಅದನ್ನು ತನ್ನೊಳಗೆ ಕರಗಿಸಿಕೊಂಡು ಬಿಡುತ್ತದೆ, ಗಾಡಿಗೆ ಗೊತ್ತೂ ಆಗುವುದಿಲ್ಲ. ಇ10 ಪೆಟ್ರೋಲ್ ಹೀಗೆ ಸುಮಾರು ನೂರಕ್ಕೆ ಅರ್ಧ ಪಾಲು ನೀರು ತಡೆದುಕೊಳ್ಳುತ್ತದೆ, ಇ20 ಅದಕ್ಕಿಂತ ಸ್ವಲ್ಪ ಜಾಸ್ತಿ.

ಆ ಮಿತಿ ದಾಟಿದ ಕ್ಷಣ ಎಥನಾಲ್ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಆಗ ತಳದಲ್ಲಿ ಇರುವುದು ಬರೀ ನೀರಲ್ಲ, ನೀರು ಮತ್ತು ಎಥನಾಲ್ ಬೆರೆತ ಪದರ. ಮೇಲೆ ಉಳಿಯುವುದು ಎಥನಾಲ್ ಕಳೆದುಕೊಂಡ ಪೆಟ್ರೋಲ್. ಎಥನಾಲಿನ ಆಕ್ಟೇನ್, ಅಂದರೆ ಇಂಜಿನ್ ಒಳಗೆ ಹೊತ್ತಿಗೆ ಮುಂಚೆ ತಾನಾಗಿ ಉರಿಯದಂತೆ ತಡೆಯುವ ಗುಣದ ಅಂಕಿ, ಸುಮಾರು 108. ಅದು ಸೇರುತ್ತದೆ ಎಂಬ ಲೆಕ್ಕ ಇಟ್ಟುಕೊಂಡೇ ಮೂಲ ಪೆಟ್ರೋಲನ್ನು ತಯಾರಿಸಿರುತ್ತಾರೆ. ಹಾಗಾಗಿ ಎಥನಾಲ್ ಹೋದ ಮೇಲೆ ಮೇಲಿನ ಪದರವೂ ಕಡಿಮೆ ಆಕ್ಟೇನಿನ ಕಳಪೆ ಇಂಧನ. ಎರಡೂ ಪದರ ಕೆಟ್ಟ ಹಾಗೆಯೇ.

ಇನ್ನೊಂದು ವಿಷಯ. ತಣ್ಣಗಾದಷ್ಟೂ ನೀರು ತಡೆದುಕೊಳ್ಳುವ ಶಕ್ತಿ ಕಡಿಮೆ ಆಗುತ್ತದೆ. ಸಂಜೆ ಮನೆ ತನಕ ಚೆನ್ನಾಗಿ ಬಂದ ಗಾಡಿ, ಮಳೆ ಸುರಿದು ತಂಪಾದ ರಾತ್ರಿ ಕಳೆದು ಬೆಳಿಗ್ಗೆ ಸ್ಟಾರ್ಟ್ ಆಗದೇ ಇದ್ದದ್ದು ಇದಕ್ಕೇ. ರಾತ್ರಿಯೆಲ್ಲ ನಿಂತಾಗ ಪದರ ಬೇರೆಯಾಗಿ ತಳಕ್ಕೆ ಇಳಿದಿತ್ತು. ಇಂಧನ ಪಂಪ್ ಹೀರುವುದು ತಳದಿಂದಲೇ ಅಲ್ವಾ?

ಬಾಟಲಿಗೆ ತೆಗೆದು ನೋಡುವುದು

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಯಲಿನಲ್ಲಿ, ಬೀಡಿ ಸಿಗರೇಟು ಹತ್ತಿರ ಬರದ ಕಡೆ ಈ ಕೆಲಸ ಮಾಡಿ. ತೆಳು ಪ್ಲಾಸ್ಟಿಕ್ ಬಾಟಲಿ ಬೇಡ. ಒಣಗಿದ, ಶುದ್ಧವಾದ ಗಾಜಿನ ಬಾಟಲಿ ಇರಲಿ. ಬಾಟಲಿಯಲ್ಲೇ ಒಂದು ಹನಿ ನೀರು ಉಳಿದಿದ್ದರೆ ಇಡೀ ಪರೀಕ್ಷೆ ದಾರಿ ತಪ್ಪುತ್ತದೆ.

ಕಾರ್ಬುರೇಟರ್ ಗಾಡಿಯಲ್ಲಿ ಸುಲಭ. ಫ್ಲೋಟ್ ಬೌಲ್, ಅಂದರೆ ಕಾರ್ಬುರೇಟರಿನ ಇಂಧನದ ಬಟ್ಟಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿದರೆ ತಳದ ಇಂಧನ ತಾನೇ ಬರುತ್ತದೆ. ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ, ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ, ಗ್ಯಾರೇಜಿನವರಿಂದ ಮಾಡಿಸಿ. ಟ್ಯಾಂಕಿನ ಬಾಯಿಂದ ಪೈಪ್ ಇಳಿಸಿ ಮೇಲಿನ ಪೆಟ್ರೋಲ್ ತೆಗೆದು "ಚೆನ್ನಾಗಿದೆ" ಎನ್ನುವುದರಲ್ಲಿ ಅರ್ಥವಿಲ್ಲ. ಬೇಕಿರುವುದು ತಳದ್ದು.

ತೆಗೆದದ್ದನ್ನು ಅರ್ಧ ಗಂಟೆ ಅಲುಗಿಸದೆ ಇಡಿ. ನಡುವೆ ಗೆರೆ ಎಳೆದ ಹಾಗೆ ಎರಡು ಪದರ ಕಂಡರೆ ನೀರು ಸೇರಿದೆ. ಇಡೀ ಬಾಟಲಿ ಮಂಜು ಕವಿದ ಹಾಗೆ ಕಂಡರೂ ಅನುಮಾನ ಪಡಿ. ಸಂಶಯ ಇದ್ದರೆ ಮಕ್ಕಳ ಫೌಂಟನ್ ಪೆನ್ನಿನ ನೀಲಿ ಇಂಕು ಒಂದು ಹನಿ ಬಿಡಿ. ತಳದಲ್ಲಿ ನೀರಿನ ಪದರ ಇದ್ದರೆ ಇಂಕು ಆ ಪದರದ ತುಂಬ ಹರಡಿ ಅದನ್ನು ನೀಲಿ ಮಾಡುತ್ತದೆ. ಬರೀ ಪೆಟ್ರೋಲ್ ಆಗಿದ್ದರೆ ಇಂಕು ಹರಡದೆ ತಳದಲ್ಲಿ ಗುಂಡಾಗಿ ಕೂರುತ್ತದೆ. ಅವತ್ತು ನಾಲ್ಕೂ ಗಾಡಿಗಳ ಬಾಟಲಿಯಲ್ಲಿ ತಳದ ಪದರ ನೀಲಿಯಾಯಿತು. ಒಂದರಲ್ಲಿ ಆ ಪದರ ಎರಡು ಬೆರಳು ದಪ್ಪ ಇತ್ತು.

ಒಂದು ತಪ್ಪು ಪರೀಕ್ಷೆ ಬಗ್ಗೆ ಎಚ್ಚರ

ಪೆಟ್ರೋಲಿಗೆ ಸ್ವಲ್ಪ ನೀರು ಹಾಕಿ ಕುಲುಕಿ, "ನೋಡಿ, ಹಾಕಿದ್ದಕ್ಕಿಂತ ಜಾಸ್ತಿ ನೀರು ಬಂತು, ಬಂಕಿನವರು ನೀರು ಬೆರೆಸಿದ್ದಾರೆ" ಎನ್ನುವ ವಿಡಿಯೋಗಳು ಓಡಾಡುತ್ತಿವೆ. ಅದು ನೀರಲ್ಲ. ನೀವೇ ಹಾಕಿದ ನೀರು ಪೆಟ್ರೋಲಿನಲ್ಲಿದ್ದ ಎಥನಾಲನ್ನು ಎಳೆದುಕೊಂಡು ಕೆಳಗೆ ಇಳಿಸಿದೆ, ಅಷ್ಟೇ.

ಸರಿಯಾಗಿ ಮಾಡಿದರೆ ಇದೇ ಪರೀಕ್ಷೆ ಎಥನಾಲ್ ಎಷ್ಟಿದೆ ಎಂದು ತಿಳಿಸುತ್ತದೆ. ಅಳತೆ ಗೆರೆ ಇರುವ 100 ಮಿಲಿ ಗಾಜಿನ ಜಾಡಿಗೆ 20 ಮಿಲಿ ನೀರು ಹಾಕಿ. ಅದರ ಮೇಲೆ 100ರ ಗೆರೆ ತನಕ ಪೆಟ್ರೋಲ್. ಬಾಯಿ ಮುಚ್ಚಿ ಮೆಲ್ಲಗೆ ಕುಲುಕಿ, ಇಟ್ಟುಬಿಡಿ. ಇ20 ಆದರೆ 80 ಮಿಲಿ ಪೆಟ್ರೋಲಿನಲ್ಲಿ 16 ಮಿಲಿ ಎಥನಾಲ್ ಇರುತ್ತದೆ. ಅದೆಲ್ಲ ಕೆಳಗೆ ಬಂದರೆ ತಳದ ಪದರ 36ರ ಹತ್ತಿರ ನಿಲ್ಲಬೇಕು. ನೀರು ಎಥನಾಲ್ ಬೆರೆತಾಗ ಸ್ವಲ್ಪ ಕುಗ್ಗುವುದರಿಂದ ಒಂದೆರಡು ಗೆರೆ ಕಡಿಮೆಯೇ ಕಾಣುತ್ತದೆ. ಅಷ್ಟು ಬಂದರೆ ಮಿಶ್ರಣ ಸರಿಯಾಗಿದೆ ಎಂದು ತಿಳಿಯಿರಿ. 36 ದಾಟಿ ಬಹಳ ಮೇಲೆ ಹೋದರೆ ಮಾತ್ರ ಪ್ರಶ್ನೆ ಎತ್ತಬೇಕು.

ಎಥನಾಲ್ ಬೆರೆಸುವುದು ಬಂಕಿನವರಲ್ಲ ಎನ್ನುವುದೂ ನೆನಪಿರಲಿ. ಮಂಗಳೂರಿನ ರಿಫೈನರಿ ಕಡೆಯಿಂದ ಹಾಸನದ ಮೇಲೆ ಬೆಂಗಳೂರಿನ ಹತ್ತಿರದ ದೇವನಗೊಂದಿ ತನಕ ಪೈಪ್‌ಲೈನ್ ಇದೆ. ಪೆಟ್ರೋಲ್ ಅದರಲ್ಲಿ ಬರುತ್ತದೆ. ಎಥನಾಲನ್ನು ಆ ಪೈಪಿನಲ್ಲಿ ಬಿಡುವುದಿಲ್ಲ, ದಾರಿಯಲ್ಲಿ ನೀರು ಹಿಡಿಯುತ್ತದೆ ಎಂದು. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಿಂದ ಅದು ಟ್ಯಾಂಕರಿನಲ್ಲಿ ಬರುತ್ತದೆ. ಎರಡನ್ನೂ ಬೆರೆಸುವುದು ತೈಲ ಕಂಪನಿಯ ಡಿಪೋದಲ್ಲಿ. ಬಂಕಿಗೆ ಬರುವುದು ಬೆರೆಸಿದ ಮಾಲು. ಅಮೆರಿಕದ ಕೆಲವು ಬಂಕುಗಳಲ್ಲಿ ಎರಡು ಟ್ಯಾಂಕಿನ ಪೆಟ್ರೋಲನ್ನು ಪಂಪಿನಲ್ಲೇ ಬೆರೆಸಿ ನಡುವಿನ ದರ್ಜೆ ಕೊಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಸಾಮಾನ್ಯದ್ದಕ್ಕೆ ಒಂದು ನೆಲದಡಿ ಟ್ಯಾಂಕ್, ಪ್ರೀಮಿಯಂಗೆ ಇನ್ನೊಂದು. ಹಾಗಾಗಿ ಬಂಕಿನಲ್ಲಿ ಕೆಡುವ ದಾರಿಗಳು ಮುಖ್ಯವಾಗಿ ಮೂರೇ: ನೀರು ಇಳಿಯುವುದು, ಬೇರೆ ಮಾಲು ಬೆರೆಯುವುದು, ಅಳತೆ ತಪ್ಪುವುದು.

ಬಂಕಿನಲ್ಲೇ ಮಾಡಿಸಬಹುದಾದ ಪರೀಕ್ಷೆಗಳು

ಬಹಳ ಜನಕ್ಕೆ ಇದು ಗೊತ್ತಿಲ್ಲ. ಫಿಲ್ಟರ್ ಪೇಪರ್ ಪರೀಕ್ಷೆ, ಡೆನ್ಸಿಟಿ (ಸಾಂದ್ರತೆ) ಪರೀಕ್ಷೆ, 5 ಲೀಟರ್ ಅಳತೆ ಪರೀಕ್ಷೆ, ಈ ಮೂರನ್ನೂ ಗ್ರಾಹಕ ಕೇಳಿದರೆ ಬಂಕಿನವರು ಮಾಡಿ ತೋರಿಸಲೇಬೇಕು. ಜಗಳದ ದನಿ ಬೇಡ. "ಸ್ವಲ್ಪ ಡೆನ್ಸಿಟಿ ತೋರಿಸ್ತೀರಾ?" ಎಂದು ಕೇಳಿದರೆ ಸಾಕು.

ಫಿಲ್ಟರ್ ಪೇಪರ್ ಅತಿ ಸುಲಭ. ನಾಜಲ್ ಬಾಯಿಯನ್ನು ಚೆನ್ನಾಗಿ ಒರೆಸಿ, ಕಾಗದದ ಮೇಲೆ ಒಂದು ಹನಿ ಬಿಡಬೇಕು. ಒಳ್ಳೆಯ ಪೆಟ್ರೋಲ್ ಎರಡು ನಿಮಿಷದಲ್ಲಿ ಜಿಡ್ಡಿನ ಕಲೆ ಉಳಿಸದೆ ಹಾರಿಹೋಗುತ್ತದೆ. ತೆಳು ಗುಲಾಬಿ ಛಾಯೆ ಉಳಿದರೆ ಹೆದರಬೇಡಿ, ಅದು ಪೆಟ್ರೋಲಿಗೆ ಹಾಕಿದ ಬಣ್ಣ. ಎಣ್ಣೆ ಹಚ್ಚಿದ ಹಾಗೆ ಒದ್ದೆ ಕಲೆ ನಿಂತರೆ ಸೀಮೆಎಣ್ಣೆಯೋ ಡೀಸೆಲ್ಲೋ ಸೇರಿದೆ ಎಂಬ ಅನುಮಾನಕ್ಕೆ ಜಾಗವಿದೆ.

ಡೆನ್ಸಿಟಿ ಪರೀಕ್ಷೆಯಲ್ಲಿ ಜಗಳ ಆಗುವುದು ಉಷ್ಣತೆಯ ಲೆಕ್ಕ ಗೊತ್ತಿಲ್ಲದೆ. 500 ಮಿಲಿ ಜಾಡಿಗೆ ನಾಜಲ್ಲಿನಿಂದ ಪೆಟ್ರೋಲ್ ಹಿಡಿದು ಡೆನ್ಸಿಟಿ ಅಳೆಯುವ ಹೈಡ್ರೋಮೀಟರ್, ಥರ್ಮಾಮೀಟರ್ ಇಳಿಸುತ್ತಾರೆ. ಬಂಕಿನ ಬೋರ್ಡಿನ ಮೇಲೆ ಬರೆದ ಡೆನ್ಸಿಟಿ ಅಂಕಿ (ಘನ ಮೀಟರಿಗೆ ಇಷ್ಟು ಕೆಜಿ ಎಂದು) 15 ಡಿಗ್ರಿ ಉಷ್ಣತೆಗೆ ಪರಿವರ್ತಿಸಿದ್ದು. ನಮ್ಮ ಜಾಡಿ 30 ಡಿಗ್ರಿಯಲ್ಲಿರುತ್ತದೆ. ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆ, ಡೆನ್ಸಿಟಿ ಇಳಿಯುತ್ತದೆ. ಜಾಡಿಯಲ್ಲಿ 735 ಕಂಡರೆ 15 ಡಿಗ್ರಿಯಲ್ಲಿ ಅದು ಸುಮಾರು 748. ಇದನ್ನು ತಿಳಿಯದೆ "ಬೋರ್ಡಿನಲ್ಲಿ 748, ಇಲ್ಲಿ 735, ಮೋಸ!" ಎಂದು ಕೂಗಿದವರನ್ನು ನಾನೇ ನೋಡಿದ್ದೇನೆ. ಬಂಕಿನಲ್ಲಿ ಪರಿವರ್ತನೆಯ ಕೋಷ್ಟಕ ಇರುತ್ತದೆ, ಅದನ್ನು ಕೇಳಿ ನೋಡಿ. ಪರಿವರ್ತಿಸಿದ ಅಂಕಿ, ದಾಖಲಾದ ಅಂಕಿಗಿಂತ 3ಕ್ಕಿಂತ ಜಾಸ್ತಿ ಆಚೀಚೆ ಆಗಬಾರದು.

ಅಂಕಿ ಯಾವ ಕಡೆ ಸರಿದಿದೆ ಎನ್ನುವುದೂ ಮುಖ್ಯ. ಸೀಮೆಎಣ್ಣೆಯ ಡೆನ್ಸಿಟಿ ಸುಮಾರು 800. ನೂರಕ್ಕೆ ಹತ್ತು ಪಾಲು ಬೆರೆಸಿದರೆ ಪೆಟ್ರೋಲಿನ ಅಂಕಿ ಐದಾರು ಮೇಲೇರುತ್ತದೆ, ಸಿಕ್ಕಿಬೀಳುತ್ತದೆ. ನೀರಿನ ಜೊತೆ ಎಥನಾಲ್ ತಳಕ್ಕೆ ಹೋಗಿದ್ದರೆ ಮೇಲಿನ ಪೆಟ್ರೋಲಿನ ಅಂಕಿ ಕೆಳಗಿಳಿಯುತ್ತದೆ, ಯಾಕೆಂದರೆ ಎಥನಾಲ್ ಪೆಟ್ರೋಲಿಗಿಂತ ಭಾರ, ಸುಮಾರು 790. ಇಲ್ಲಿ ಒಂದು ಮಿತಿಯೂ ಇದೆ. ಎಥನಾಲ್, ಸೀಮೆಎಣ್ಣೆ ಎರಡರ ಡೆನ್ಸಿಟಿಯೂ ಹತ್ತಿರ ಹತ್ತಿರ. ಒಂದನ್ನು ಇನ್ನೊಂದರ ಜಾಗದಲ್ಲಿ ತುಂಬಿದರೆ ಹೈಡ್ರೋಮೀಟರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಡೆನ್ಸಿಟಿ ಒಂದನ್ನೇ ನಂಬುವುದಿಲ್ಲ. ಫಿಲ್ಟರ್ ಪೇಪರನ್ನೂ ಜಾಡಿಯ ನೀರಿನ ಪರೀಕ್ಷೆಯನ್ನೂ ಜೊತೆಗೆ ಮಾಡಿದರೆ ತಪ್ಪಿಸಿಕೊಳ್ಳಲು ಜಾಗ ಕಡಿಮೆ. ಆಕ್ಟೇನ್ ಎಷ್ಟು ಎಂದು ಖಚಿತವಾಗಿ ಹೇಳಬೇಕಾದರೆ ಲ್ಯಾಬೇ ಬೇಕು.

ಟಕಟಕ ಸದ್ದು, ಮೈಲೇಜ್ ಇಳಿತ

ಘಟ್ಟ ಹತ್ತುವಾಗ ಇಂಜಿನ್ ಒಳಗೆ ಟಕಟಕ ಹೊಡೆದರೆ ಕಡಿಮೆ ಆಕ್ಟೇನಿನ ಅನುಮಾನ ಪಡಬಹುದು. ಸೀಮೆಎಣ್ಣೆ ಬೆರೆತಿದ್ದರೆ ಜೊತೆಗೆ ಹೊಗೆ ಬರುತ್ತದೆ, ಪ್ಲಗ್ಗಿನ ತುದಿ ಕಪ್ಪು ಮಸಿ ಹಿಡಿದಿರುತ್ತದೆ. ಆದರೆ ಅದೇ ಸದ್ದು ಬಹಳ ತಿಂಗಳಿಂದ ಇದ್ದರೆ ಇಂಜಿನ್ ಒಳಗೆ ಕಾರ್ಬನ್ ಕೂತಿರಬಹುದು, ಇಲ್ಲವೇ ಮೇಲಿನ ಗೇರಿನಲ್ಲೇ ಏರು ಹತ್ತುವ ಅಭ್ಯಾಸ ಇರಬಹುದು. ಒಂದು ಟ್ಯಾಂಕ್ ಬೇರೆ ಬಂಕಿನಲ್ಲಿ ಹಾಕಿಸಿ ನೋಡಿ. ಸದ್ದು ಹೋದರೆ ಪೆಟ್ರೋಲ್, ಹೋಗದಿದ್ದರೆ ಇಂಜಿನ್.

ಮೈಲೇಜ್ ವಿಷಯದಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ. ಹಾಗಾಗಿ ಇ20 ಬಂದ ಮೇಲೆ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಇ20ಗೆ ಹೊಂದದ ಹಳೇ ಗಾಡಿಗಳಲ್ಲಿ ನಾಲ್ಕು ಚಕ್ರದವಕ್ಕೆ ನೂರಕ್ಕೆ 6-7, ಎರಡು ಚಕ್ರದವಕ್ಕೆ 3-4ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. 50 ಕೊಡುತ್ತಿದ್ದ ಬೈಕ್ 48 ಕೊಟ್ಟರೆ ದೋಷ ಹುಡುಕಬೇಡಿ. 38ಕ್ಕೆ ಇಳಿದರೆ ಎಥನಾಲನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಬ್ರೇಕ್ ಹಿಡಿದುಕೊಂಡಿದೆಯಾ, ಟೈರಿನಲ್ಲಿ ಗಾಳಿ ಇದೆಯಾ, ಏರ್ ಫಿಲ್ಟರ್ ಮುಚ್ಚಿದೆಯಾ ನೋಡಿ. ಹದಿನೈದು ಇಪ್ಪತ್ತು ವರ್ಷದ ಗಾಡಿಯಾದರೆ ರಬ್ಬರ್ ಪೈಪ್ ಉಬ್ಬಿದೆಯಾ ಎಂದೂ ನೋಡಿ. ಎಥನಾಲ್ ಹಳೇ ಟ್ಯಾಂಕಿನ ಕೊಳೆಯನ್ನು ಕಿತ್ತು ಫಿಲ್ಟರಿಗೆ ತಂದು ತುಂಬಿಸುತ್ತದೆ. ಇವೆಲ್ಲ ಸರಿ ಇದ್ದರೆ ಅಳತೆಯ ಕಡೆ ಬನ್ನಿ.

ಅಳತೆ ಮತ್ತು ಬಿಲ್ಲು

ಪ್ರತಿ ಬಂಕಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರ್ ಕ್ಯಾನ್ ಇರಬೇಕು. ಮೀಟರ್ ಸೊನ್ನೆಯಿಂದ ಶುರುಮಾಡಿ 5 ಲೀಟರ್ ಹಿಡಿಸಿ. 25 ಮಿಲಿ ತನಕ ವ್ಯತ್ಯಾಸಕ್ಕೆ ಅವಕಾಶ ಇದೆ, ಅದಕ್ಕಿಂತ ಜಾಸ್ತಿ ಕಡಿಮೆ ಬಂದರೆ ದೂರು ಕೊಡಿ. ಕ್ಯಾನಿನ ಮೇಲಿನ ಮುದ್ರೆಯ ವರ್ಷವನ್ನೂ ಓದಿ. ನೂರರ ಬದಲು 110 ರೂಪಾಯಿಗೆ ಹಾಕಿಸಿದರೆ ಮೋಸ ಆಗುವುದಿಲ್ಲ ಎನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಸರಿಯಾದ ಮೀಟರಿಗೆ ಎರಡೂ ಒಂದೇ, ತಿದ್ದಿದ ಮೀಟರಿಗೂ ಎರಡೂ ಒಂದೇ. "10 ಲೀಟರ್ ಟ್ಯಾಂಕಿಗೆ 11 ಲೀಟರ್ ಹಾಕಿದರು" ಎಂಬ ದೂರಿಗೂ ಮುಂಚೆ ಯೋಚಿಸಿ. ಕಂಪನಿ ಹೇಳುವ ಅಳತೆ ಬಾಯಿ ತನಕ ತುಂಬಿದ್ದಲ್ಲ. ಆವಿಗೆ ಬಿಟ್ಟ ಜಾಗವನ್ನೂ ತುಂಬಿಸಿದರೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಬಿಲ್ಲು ಜಾಸ್ತಿ ಅನಿಸಿದರೆ ಅದರಲ್ಲಿ ಪ್ರೀಮಿಯಂ ಎಂದಿದೆಯಾ ನೋಡಿ. ಕೇಳದೆ 95 ಆಕ್ಟೇನಿನ ನಾಜಲ್ ಇಟ್ಟಿರುವುದು ಉಂಟು. ಗಾಡಿಯ ಕೈಪಿಡಿ ಕೇಳದಿದ್ದರೆ ಸಾಮಾನ್ಯ ಗಾಡಿಗೆ ಅದರಿಂದ ಹೇಳುವಂಥ ಲಾಭ ಇಲ್ಲ. ದರ 2017ರ ಜೂನ್ 16ರಿಂದ ದಿನವೂ ಬೆಳಿಗ್ಗೆ 6ಕ್ಕೆ ನಿಗದಿಯಾಗುತ್ತದೆ. ಮೂಲ ಬೆಲೆ, ಸಾಗಣೆ, ಕೇಂದ್ರದ ಅಬಕಾರಿ ಸುಂಕ, ಡೀಲರ್ ಕಮಿಷನ್, ಇವುಗಳ ಮೇಲೆ ರಾಜ್ಯದ ಮಾರಾಟ ತೆರಿಗೆ. ಕರ್ನಾಟಕ 2024ರ ಜೂನ್ 15ರಂದು ಪೆಟ್ರೋಲ್ ಮೇಲಿನ ಈ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಸಾಗಣೆ ವೆಚ್ಚದಿಂದ ಊರಿಂದ ಊರಿಗೆ ಪೈಸೆಗಳ ವ್ಯತ್ಯಾಸ ಇರುತ್ತದೆ, ಅದು ಮೋಸವಲ್ಲ. ಎಥನಾಲ್ ಬೆರೆಸಿದರೂ ಯಾಕೆ ಅಗ್ಗ ಆಗಲಿಲ್ಲ ಎಂದು ಕೇಳುತ್ತಾರೆ. 2024-25ರಲ್ಲಿ ಕಬ್ಬಿನ ಹಾಲಿನ ಎಥನಾಲಿಗೆ ತೈಲ ಕಂಪನಿಗಳು ಕೊಟ್ಟ ದರವೇ ಲೀಟರಿಗೆ 65.61 ರೂಪಾಯಿ, ಅದರ ಮೇಲೆ ಸಾಗಣೆ ಮತ್ತು ಜಿಎಸ್‌ಟಿ. ನನ್ನ ಪ್ರಕಾರ ಮೈಲೇಜ್ ಕಡಿಮೆ ಆಗುವ ಇಂಧನಕ್ಕೆ ಬೆಲೆಯಲ್ಲೂ ಸ್ವಲ್ಪ ಇಳಿಕೆ ಸಿಗಬೇಕಿತ್ತು.

ದೋಷ ಸಿಕ್ಕ ಮೇಲೆ

ನೀರು ಸೇರಿದ್ದರೆ ತಳದ್ದನ್ನು ಮಾತ್ರ ತೆಗೆದು ಮೇಲಿನದನ್ನು ಉಳಿಸಿಕೊಳ್ಳಬೇಡಿ. ಪೂರ್ತಿ ಖಾಲಿ ಮಾಡಿ. ಟ್ಯಾಂಕ್ ಬಿಚ್ಚಿ ಒಣಗಿಸಿ, ಪಂಪಿನ ಜಾಲರಿ ತೊಳೆದು, ಪೈಪಿನಲ್ಲಿ ಉಳಿದದ್ದನ್ನು ಹೊರಗೆ ಹರಿಸಿ, ಹೊಸ ಪೆಟ್ರೋಲ್ ಹಾಕಿ. ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿ ಇಳಿಸುವುದರಿಂದ ಏನೂ ಆಗುವುದಿಲ್ಲ. ತೆಗೆದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ. ಮುಚ್ಚಿದ ಕ್ಯಾನಿನಲ್ಲಿ ಇಟ್ಟು ಬಂಕಿಗೆ ಕೊಡಿ, ಅದೇ ಸಾಕ್ಷಿಯೂ ಹೌದು.

ಬಿಲ್ಲು, ಬಾಟಲಿಯ ಫೋಟೋ, ಗ್ಯಾರೇಜಿನ ಚೀಟಿ ಇಟ್ಟುಕೊಳ್ಳಿ. ಬಂಕಿನ ದೂರು ಪುಸ್ತಕದಲ್ಲಿ ಬರೆಯಿರಿ. ತೈಲ ಕಂಪನಿಯ ಅಧಿಕಾರಿಯ ನಂಬರ್ ಬೋರ್ಡಿನ ಮೇಲೇ ಇರುತ್ತದೆ. ಅಳತೆಗೆ ಮಾಪನಶಾಸ್ತ್ರ ಇಲಾಖೆ, ಕಲಬೆರಕೆಗೆ ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆ. ಯಾವುದೂ ಗೊತ್ತಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅವತ್ತು ನಾವು ನಾಲ್ಕು ಬಾಟಲಿ ಹಿಡಿದು ಆ ಬಂಕಿಗೆ ಹೋದೆವು. ಮಾಲೀಕರು ಬಾಟಲಿ ನೋಡಿದ ಕೂಡಲೇ ಆ ನಾಜಲ್ ನಿಲ್ಲಿಸಿದರು. ಟ್ಯಾಂಕಿನ ಮಟ್ಟ ಅಳೆಯುವ ಡಿಪ್ ರಾಡಿನ ತುದಿಗೆ ಎಥನಾಲ್ ಪೆಟ್ರೋಲಿಗೆ ಎಂದೇ ಬರುವ ನೀರು ಪತ್ತೆ ಪೇಸ್ಟ್ ಹಚ್ಚಿ ನಮ್ಮ ಎದುರೇ ನೆಲದಡಿ ಟ್ಯಾಂಕಿಗೆ ಇಳಿಸಿದರು. ಮೇಲೆ ತೆಗೆದಾಗ ತುದಿಯಿಂದ ಅಂಗೈ ಅಗಲದಷ್ಟು ಪೇಸ್ಟಿನ ಬಣ್ಣ ಬದಲಾಗಿತ್ತು. ಟ್ಯಾಂಕಿನ ಮೇಲಿನ ಗುಂಡಿ ಹಿಂದಿನ ದಿನದ ಮಳೆಗೆ ತುಂಬಿತ್ತು. ಡಿಪ್ ಪೈಪಿನ ಮುಚ್ಚಳದ ರಬ್ಬರ್ ವಾಷರ್ ಒಂದು ಕಡೆ ಸೀಳಿ ನೀರು ಒಳಗೆ ಹೋಗುತ್ತಿತ್ತು. ಬೆಳಿಗ್ಗೆ ಡಿಪ್ ಹಾಕಿದ ಹುಡುಗ ಪೇಸ್ಟ್ ಹಚ್ಚಿರಲಿಲ್ಲ. ಎರಡು ದಿನ ಆ ಟ್ಯಾಂಕ್ ಮುಚ್ಚಿ ಪೂರ್ತಿ ಖಾಲಿ ಮಾಡಿಸಿದರು, ನಾಲ್ವರಿಗೂ ಗ್ಯಾರೇಜಿನ ಖರ್ಚು ಕೊಟ್ಟು ಪೆಟ್ರೋಲ್ ತುಂಬಿಸಿದರು. ಗುಂಡಿಯ ಸುತ್ತ ಒಂದು ಗೇಣು ಎತ್ತರದ ಸಿಮೆಂಟ್ ಕಟ್ಟೆ ಕಟ್ಟಿಸಿದ್ದು ಮುಂದಿನ ವಾರ.